ಬೆನ್ನಿಗಿಂತ ಮೊದಲು ತಲೆ

ಸ್ಪೈನಾ ಬಿಫಿಡಾ (ಬೆನ್ನೆಲುಬು ಪೂರ್ತಿ ಮುಚ್ಚದೆ ತೂತು ಉಳಿಯುವ ತೊಂದರೆ) ಇರುವ ಮಗುವಿನ ಎಂಆರ್‌ಐ ಬಂದರೆ ನಾನು ಮೊದಲು ನೋಡುವುದು ತಲೆ. ಬೆನ್ನು ಆಮೇಲೆ.

ಮಗು ಇನ್ನೂ ಹೊಟ್ಟೆಯಲ್ಲಿರುತ್ತದೆ, ಇಪ್ಪತ್ತೆರಡು ವಾರ ಅಂದುಕೊಳ್ಳಿ. ತಾಯಿ ಎಡಮಗ್ಗುಲಾಗಿ ಮಲಗಿರುತ್ತಾರೆ. ಮಗುವಿಗೆ ‘ಸುಮ್ನೆ ಇರು’ ಅನ್ನೋಕೆ ಆಗಲ್ಲ ಅಲ್ವಾ? ಅದಕ್ಕೇ ಒಂದೊಂದು ಚಿತ್ರವನ್ನೂ ಸುಮಾರು ಒಂದು ಸೆಕೆಂಡಿನಲ್ಲಿ ಹಿಡಿಯುತ್ತೇವೆ. ತಲೆಯ ನಡುಭಾಗ ಸರಿಯಾಗಿ ಸಿಕ್ಕಿತು ಅನ್ನುವಷ್ಟರಲ್ಲಿ ಮಗು ಹೊರಳಿರುತ್ತದೆ. ಮತ್ತೆ ಮೊದಲಿಂದ.

ಬೆನ್ನಿನ ತೂತಿನಿಂದ ಮೆದುಳು, ಬೆನ್ನುಹುರಿಯ ಸುತ್ತಲಿನ ನೀರು ಸೋರಿದಾಗ ಕಿರುಮೆದುಳು ಕೆಳಕ್ಕೆ ಜಾರಿ ಕತ್ತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಕ್ಯಾನ್‌ನಲ್ಲಿ ನೀರು ಬೆಳ್ಳಗೆ ಕಾಣಬೇಕು; ಇಂಥ ಮಗುವಿನ ಹಿಂತಲೆಯಲ್ಲಿ ಆ ಬಿಳುಪೇ ಇರುವುದಿಲ್ಲ. ಮಗು ಹೊಟ್ಟೆಯಲ್ಲಿದ್ದಾಗಲೇ ಆ ತೂತು ಮುಚ್ಚುವ ಆಪರೇಷನ್ ಆದರೆ, ಆರು ವಾರಕ್ಕೆ ಮತ್ತೆ ನೋಡುತ್ತೇವೆ. ಕಿರುಮೆದುಳು ಮೇಲೇರಿ, ಅದರ ಸುತ್ತ ಕೂದಲೆಳೆಯಷ್ಟು ಬಿಳಿ ಗೆರೆ ಕಂಡರೆ ಇವತ್ತಿಗೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ.

ಶುರುವಿನ ದಿನಗಳಲ್ಲಿ ಆ ಗೆರೆ ಕಂಡ ಖುಷಿಗೆ ಒಬ್ಬ ತಾಯಿಗೆ “ಚೆನ್ನಾಗಾಗಿದೆ” ಅಂದುಬಿಟ್ಟೆ. ಅದೇ ಸ್ಕ್ಯಾನ್‌ನಲ್ಲಿ ವೆಂಟ್ರಿಕಲ್, ಅಂದರೆ ಮೆದುಳೊಳಗಿನ ನೀರಿನ ಕೋಣೆ, 12 ಮಿ.ಮೀ.ನಿಂದ 17ಕ್ಕೆ ಹಿಗ್ಗಿತ್ತು. ಮಗು ಹುಟ್ಟಿದ ಮೇಲೆ ಶಂಟ್, ಅಂದರೆ ಆ ನೀರನ್ನು ಮೆದುಳಿನಿಂದ ಹರಿಸುವ ಕೊಳವೆ, ಹಾಕಬೇಕಾಯಿತು. “ಚೆನ್ನಾಗಾಗಿದೆ ಅಂದ್ರಲ್ಲ?” ಅಂತ ಆಕೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಿರುಮೆದುಳು ಮೇಲೇರಿದರೂ ಕೋಣೆ ಹಿಗ್ಗುತ್ತಲೇ ಇರಬಹುದು. ಓದಿ ಗೊತ್ತಿತ್ತು, ಬಾಯಿಗೆ ಬಂದಿರಲಿಲ್ಲ.

ಈ ಆಪರೇಷನ್ ಬಗ್ಗೆ ಅಮೆರಿಕದಲ್ಲಿ ನಡೆದ ಮಾಮ್ಸ್ ಅನ್ನುವ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಹೊಟ್ಟೆಯಲ್ಲಿದ್ದಾಗಲೇ ಆಪರೇಷನ್ ಆದ ಮಕ್ಕಳಲ್ಲಿ ಮೊದಲ ವರ್ಷದೊಳಗೆ ಶಂಟ್ ಹಾಕಬೇಕಾದದ್ದು ಶೇ. 40, ಹುಟ್ಟಿದ ಮೇಲೆ ಆದವರಲ್ಲಿ ಶೇ. 82. ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ ಮಕ್ಕಳ ವೆಂಟ್ರಿಕಲ್ ಅಳತೆ ನೋಡಿ ಆಮೇಲೆ ಮಾಡಿದ ಲೆಕ್ಕ. ಆಪರೇಷನ್‌ಗೆ ಮುಂಚೆ 10 ಮಿ.ಮೀ.ಗಿಂತ ಕಡಿಮೆ ಇದ್ದವರಲ್ಲಿ ಶಂಟ್ ಶೇ. 20 ಮಕ್ಕಳಿಗೆ. 15 ದಾಟಿದ್ದರೆ ಶೇ. 79, ಲಾಭ ಹೆಚ್ಚುಕಡಿಮೆ ಇಲ್ಲ. ಅವಧಿಗೆ ಮುಂಚೆ ಹೆರಿಗೆಯಾಗುವ ಅಪಾಯ ಮಾತ್ರ ಹಾಗೇ ಇರುತ್ತದೆ. ಈಗ ಆ ಅಳತೆಯನ್ನು ಮೊದಲೇ, ಬಾಯಿಬಿಟ್ಟು ಹೇಳುತ್ತೇನೆ.

ಅಪ್ಪಂದಿರು ಕೇಳುವುದು ಬೇರೆಯೇ: “ನಡೀತಾನಾ?” ಅದಕ್ಕೆ ಮೆದುಳಿನ ಚಿತ್ರ ಉತ್ತರ ಕೊಡುವುದಿಲ್ಲ. ಆಗ ಬೆನ್ನಿಗೆ ಬರುತ್ತೇನೆ. ಪಾದ ಅಲ್ಲಾಡುತ್ತಿದೆಯಾ ನೋಡುತ್ತೇನೆ. ತೂತು ಯಾವ ಎಲುಬಿನಿಂದ ಶುರುವಾಗಿದೆ ಅಂತ ಎಣಿಸುತ್ತೇನೆ. ಎರಡು ಸಲ.