ಕೀಲಿನ ದಿಕ್ಕು ಹಿಡಿದು ಬೆನ್ನುಮೂಳೆಯನ್ನು ಕಲಿತ ಬಗೆ

ಬೆನ್ನುಮೂಳೆಯ ಪಾಠ ಸಾಮಾನ್ಯವಾಗಿ ಎಣಿಕೆಯಿಂದ ಶುರುವಾಗುತ್ತದೆ: ಕುತ್ತಿಗೆಯಲ್ಲಿ 7 ಕಶೇರುಗಳು, ಎದೆಗೂಡಿನ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ 5 ಕಶೇರುಗಳು ಬೆಸೆದುಕೊಂಡ ಸೇಕ್ರಮ್, ತುದಿಯಲ್ಲಿ ಪುಟ್ಟ ಬಾಲಮೂಳೆ. ಈ ಲೆಕ್ಕ ಬೇಕೇ ಬೇಕು. ಆದರೆ ಫಿಸಿಯೋಥೆರಪಿಯ ಕೆಲಸದಲ್ಲಿ, ನೋವೆಂದು ಬಂದವರ ಬೆನ್ನಿನ ಮೇಲೆ ಕೈಯಿಟ್ಟಾಗ ನನಗೆ ನಿಜವಾಗಿ ದಾರಿ ತೋರಿಸಿದ್ದು, ಒಂದು ಕಶೇರು ಇನ್ನೊಂದರೊಡನೆ ಕೂಡುವ ಕೀಲಿನ ಮುಖ ಯಾವ ದಿಕ್ಕಿಗಿದೆ ಎಂಬ ತಿಳಿವಳಿಕೆ.

ಕುತ್ತಿಗೆಯ ಎರಡನೆಯ ಕಶೇರುವಿನಿಂದ ಸೇಕ್ರಮ್‌ವರೆಗೆ, ಅಕ್ಕಪಕ್ಕದ ಎರಡು ಕಶೇರುಗಳು ಮುಖ್ಯವಾಗಿ ಮೂರು ಕಡೆ ಕೂಡುತ್ತವೆ. ಮುಂದೆ ಡಿಸ್ಕ್, ಅದರ ನಡುವೆ ನೀರಿನಂಶ ಹೆಚ್ಚಿರುವ ಮೆತ್ತನೆಯ ತಿರುಳು, ಸುತ್ತಲೂ ಪದರಪದರವಾಗಿ ಓರೆಯಾಗಿ ಹೆಣೆದ ನಾರಿನ ಉಂಗುರ. ಹಿಂದೆ ಎಡಕ್ಕೊಂದು ಬಲಕ್ಕೊಂದು ಫೇಸೆಟ್ ಕೀಲು. ಇವು ಮಂಡಿಯ ಕೀಲಿನ ಹಾಗೆಯೇ ಮೃದ್ವಸ್ಥಿಯ ಹೊದಿಕೆ, ಜಾರುದ್ರವ ಮತ್ತು ಸುತ್ತಲಿನ ಚೀಲವುಳ್ಳ ನಿಜವಾದ ಕೀಲುಗಳು. ಭಾರದ ಹೆಚ್ಚಿನ ಪಾಲನ್ನು ಡಿಸ್ಕ್ ಹೊರುತ್ತದೆ. ಚಲನೆ ಯಾವ ಕಡೆಗೆ ಸಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಬಹುಮಟ್ಟಿಗೆ ಫೇಸೆಟ್‌ಗಳು ನಿರ್ಧರಿಸುತ್ತವೆ.

ಇದು ನನಗೆ ಚಿತ್ರ ನೋಡಿ ಹತ್ತಲಿಲ್ಲ, ಬಿಡಿ ಕಶೇರುಗಳನ್ನು ಕೈಗೆತ್ತಿಕೊಂಡಾಗ ಹತ್ತಿತು. ಕುತ್ತಿಗೆಯ ಎರಡು ಕಶೇರುಗಳನ್ನು ಒಂದರ ಮೇಲೊಂದು ಕೂರಿಸಿದರೆ ಫೇಸೆಟ್‌ಗಳು ಸುಮಾರು 45 ಡಿಗ್ರಿ ಇಳಿಜಾರಾಗಿ ಕೂಡುತ್ತವೆ. ಬಾಗಿಸಿ, ವಾಲಿಸಿ, ತಿರುಗಿಸಿ, ಎಲ್ಲಕ್ಕೂ ಜಾಗವಿದೆ, ಮತ್ತು ಪಕ್ಕಕ್ಕೆ ವಾಲಿಸಿದರೆ ಕಶೇರು ಅದೇ ಬದಿಗೆ ಸ್ವಲ್ಪ ತಿರುಗುತ್ತದೆ. ಎದೆಯ ಭಾಗದಲ್ಲಿ ಅವು ಇನ್ನಷ್ಟು ನೆಟ್ಟಗಾಗಿ ಹಿಂದಕ್ಕೂ ಮುಂದಕ್ಕೂ ಮುಖಮಾಡಿರುವುದರಿಂದ ತಿರುಗುವಿಕೆಗೆ ಅಡ್ಡಿಯಿಲ್ಲ; ಬಾಗುವುದಕ್ಕೆ ಮಾತ್ರ ಪಕ್ಕೆಲುಬುಗಳು ಮಿತಿ ಹಾಕುತ್ತವೆ. ಸೊಂಟಕ್ಕೆ ಬಂದರೆ ಫೇಸೆಟ್‌ಗಳ ಮುಖ ಬಹುಪಾಲು ಎಡಬಲಕ್ಕೆ ಹೊರಳಿರುತ್ತದೆ. ಹಳಿಯಲ್ಲಿ ಜಾರುವ ಬಾಗಿಲಿನಂತೆ ಅವು ಮೇಲೆ ಕೆಳಗೆ ಸರಾಗವಾಗಿ ಸರಿಯುತ್ತವೆ, ಅಂದರೆ ಮುಂದೆ ಹಿಂದೆ ಬಾಗಲು ಬಿಡುತ್ತವೆ. ತಿರುಗಿಸಹೋದರೆ ಒಂದು ಬದಿಯ ಫೇಸೆಟ್ ಕೂಡಲೇ ಒತ್ತಿ ನಿಲ್ಲುತ್ತದೆ. ಸೊಂಟದ ಪ್ರತಿ ಹಂತದಲ್ಲಿ ಒಂದು ಬದಿಗೆ ಸಿಗುವ ತಿರುಗುವಿಕೆ ಒಂದೆರಡು ಡಿಗ್ರಿ ಮಾತ್ರ.

ಈ ಒಂದು ಸಂಗತಿ ನನ್ನ ಪರೀಕ್ಷೆಯ ಕ್ರಮವನ್ನೇ ಬದಲಿಸಿತು. “ಸೊಂಟ ತಿರುಗುತ್ತಿಲ್ಲ” ಎಂದು ಬಂದವರನ್ನು ಈಗ ಸ್ಟೂಲಿನ ಮೇಲೆ ಕೂರಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, ಮೆಲ್ಲಗೆ ಎರಡೂ ಬದಿಗೆ ತಿರುಗಲು ಹೇಳುತ್ತೇನೆ. ಕೂತಾಗ ಕೆಳಭಾಗ ಅಲುಗದೆ ನಿಲ್ಲುವುದರಿಂದ ಎದೆಯ ಭಾಗದ ಬಿಗಿತ ಸ್ಪಷ್ಟವಾಗಿ ಕಾಣುತ್ತದೆ. ಆಮೇಲೆ ತೊಡೆಸಂದಿನ ಕೀಲನ್ನು ನೋಡುತ್ತೇನೆ. ಇವೆರಡರ ಬಿಗಿತವನ್ನು ಬಿಟ್ಟು ಸೊಂಟವನ್ನೇ ತಿರುಚಿ ಸಡಿಲಗೊಳಿಸುವ ವ್ಯಾಯಾಮ ಕೊಡುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ.

ಬೆರಳಿನಿಂದ ಹಂತಗಳನ್ನು ಗುರುತಿಸುವುದಕ್ಕೆ ನಿಧಾನ ಬೇಕು. ಕತ್ತಿನ ಬುಡದಲ್ಲಿ ಎದ್ದು ಕಾಣುವ ಎರಡು ಮೂಳೆಚಾಚುಗಳ ಮೇಲೆ ತೋರುಬೆರಳು, ನಡುಬೆರಳು ಇಟ್ಟು, ತಲೆಯನ್ನು ಹಿಂದಕ್ಕೆ ಬಾಗಿಸಲು ಹೇಳುತ್ತೇನೆ: ಕುತ್ತಿಗೆಯ ಆರನೆಯ ಕಶೇರುವಿನದು ಬೆರಳಿನಡಿಯಿಂದ ಮುಂದಕ್ಕೆ ಜಾರಿ ತಪ್ಪಿಸಿಕೊಳ್ಳುತ್ತದೆ, ಏಳನೆಯದು ಸಾಮಾನ್ಯವಾಗಿ ಅಲ್ಲೇ ಉಳಿಯುತ್ತದೆ. ಅಲ್ಲಿಂದ ಕೆಳಗಿಳಿಯುವಾಗ ಎಚ್ಚರ ಬೇಕು, ಏಕೆಂದರೆ ಎದೆಯ ನಡುಭಾಗದ ಮೂಳೆಚಾಚುಗಳು ಬಹಳ ಓರೆಯಾಗಿ ಇಳಿದಿರುವುದರಿಂದ ಬೆರಳಿಗೆ ಸಿಗುವ ತುದಿ ಕೆಳಗಿನ ಕಶೇರುವಿನ ಮಟ್ಟದಲ್ಲಿರುತ್ತದೆ. ಸೊಂಟದೆಲುಬಿನ ಎರಡೂ ಮೇಲಂಚುಗಳನ್ನು ಕೂಡಿಸುವ ಗೆರೆ ಸುಮಾರಾಗಿ ಸೊಂಟದ ನಾಲ್ಕನೆಯ ಕಶೇರುವಿನ ಹತ್ತಿರ ಹಾಯುತ್ತದೆ. ಇದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವುದರಿಂದ ನಾನು ಇದೊಂದನ್ನೇ ನೆಚ್ಚುವುದಿಲ್ಲ. ಸೊಂಟದ ಫೇಸೆಟ್‌ಗಳಂತೂ ದಪ್ಪ ಸ್ನಾಯುಗಳ ಕೆಳಗಿವೆ, ಬೆರಳಿಗೆ ನೇರವಾಗಿ ಸಿಗುವುದಿಲ್ಲ.

ಕುತ್ತಿಗೆಯ ಮೇಲ್ತುದಿಯ ಕಥೆ ಬೇರೆ. ತಲೆಬುರುಡೆ ಮತ್ತು ಮೊದಲ ಕಶೇರುವಾದ ಅಟ್ಲಾಸ್ ನಡುವೆಯಾಗಲಿ, ಅಟ್ಲಾಸ್ ಮತ್ತು ಎರಡನೆಯ ಕಶೇರುವಾದ ಆಕ್ಸಿಸ್ ನಡುವೆಯಾಗಲಿ ಡಿಸ್ಕ್ ಇಲ್ಲ. ಮೊದಲನೆಯದು ಹೌದೆಂದು ತಲೆಯಾಡಿಸುವ ಕೀಲು. ಎರಡನೆಯದರಲ್ಲಿ ಆಕ್ಸಿಸ್‌ನ ಹಲ್ಲಿನಾಕಾರದ ಕಂಬದ ಸುತ್ತ ಅಟ್ಲಾಸ್ ತಿರುಗುತ್ತದೆ. ಕುತ್ತಿಗೆಯ ಒಟ್ಟು ತಿರುಗುವಿಕೆಯ ಹತ್ತಿರಹತ್ತಿರ ಅರ್ಧ ಇಲ್ಲೇ ಆಗುತ್ತದೆ. ಅಂಗಾತ ಮಲಗಿದವರ ಕುತ್ತಿಗೆಯನ್ನು ಪೂರ್ತಿ ಮುಂದಕ್ಕೆ ಬಾಗಿಸಿ ಹಿಡಿದರೆ ಕೆಳಗಿನ ಕೀಲುಗಳು ಬಿಗಿಯುತ್ತವೆ, ಆಗ ತಿರುಗಿಸಿ ಈ ಒಂದು ಕೀಲನ್ನೇ ಪರೀಕ್ಷಿಸಬಹುದು. ಆರೋಗ್ಯವಂತರಲ್ಲಿ ಪ್ರತಿ ಬದಿಗೂ ಸುಮಾರು 45 ಡಿಗ್ರಿ ಸಿಗುತ್ತದೆ. ಆದರೆ ಪೆಟ್ಟು ಬಿದ್ದಿದೆಯೇ, ತಲೆಸುತ್ತು ಇದೆಯೇ, ರುಮಟಾಯ್ಡ್ ಸಂಧಿವಾತ ಇದೆಯೇ ಎಂದು ಕೇಳದೆ ನಾನು ಈ ಭಾಗವನ್ನು ಮುಟ್ಟುವುದಿಲ್ಲ. ಆ ಕಂಬವನ್ನು ಹಿಡಿದಿಟ್ಟಿರುವ ಅಡ್ಡ ಪಟ್ಟಿ ಸಂಧಿವಾತದಲ್ಲಿ ಸಡಿಲವಾಗಿರಬಹುದು, ಮತ್ತು ಅದರ ಹಿಂದೆಯೇ ಬೆನ್ನುಹುರಿ ಇದೆ.

ವಯಸ್ಕರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಸೊಂಟದ ಮೊದಲ ಮತ್ತು ಎರಡನೆಯ ಕಶೇರುಗಳ ಆಸುಪಾಸಿನಲ್ಲಿ ಮುಗಿದು, ಅಲ್ಲಿಂದ ಕೆಳಗೆ ನರಗಳ ಬೇರುಗಳು ಮಾತ್ರ ಇಳಿಯುತ್ತವೆ. ಡಿಸ್ಕನ್ನು ಹಿಂದಿನಿಂದ ಆಧರಿಸುವ ಉದ್ದನೆಯ ಪಟ್ಟಿ ಸೊಂಟದಲ್ಲಿ ಕಿರಿದಾಗುವುದರಿಂದ ತಿರುಳು ಹೆಚ್ಚಾಗಿ ಹಿಂದಕ್ಕೆ ಒಂದು ಪಕ್ಕದಲ್ಲಿ ಉಬ್ಬಿ, ಒಂದು ಬೇರನ್ನು ಒತ್ತುತ್ತದೆ. ಒಂದು ಕಾಲಿಗೆ ಇಳಿಯುವ ನೋವಿಗೆ ಇದೊಂದು ಮುಖ್ಯ ಕಾರಣ. ನಡುವೆಯೇ ದೊಡ್ಡದಾಗಿ ಉಬ್ಬಿದರೆ ಹಲವು ಬೇರುಗಳು ಒಮ್ಮೆಗೇ ಸಿಕ್ಕಿಬೀಳಬಹುದು. ಹಾಗಾಗಿ ಸೊಂಟನೋವಿನವರನ್ನು ಮೂತ್ರದ ಹಿಡಿತದ ಬಗ್ಗೆಯೂ, ತೊಡೆಗಳ ಒಳಬದಿಯ ಮತ್ತು ಗುದದ ಸುತ್ತಲಿನ ಜೋಮಿನ ಬಗ್ಗೆಯೂ ಸಂಕೋಚವಿಲ್ಲದೆ ಕೇಳುತ್ತೇನೆ. ಹೊಸದಾಗಿ ಶುರುವಾಗಿದೆ ಎಂದರೆ ಯಾವ ವ್ಯಾಯಾಮವನ್ನೂ ಹೇಳದೆ ಅದೇ ಗಳಿಗೆಯಲ್ಲಿ ತುರ್ತು ಚಿಕಿತ್ಸೆಗೆ ಕಳುಹಿಸುತ್ತೇನೆ.