ಆಲಮಟ್ಟಿ ಹಿನ್ನೀರಿನ ಮೀನು ವೈವಿಧ್ಯವನ್ನು ನಾನು ಅಳೆದ ಬಗೆ

ಬಾಗಲಕೋಟೆಯ ಸುತ್ತ ಹರಡಿರುವ ಆಲಮಟ್ಟಿ ಹಿನ್ನೀರಿನ ಮೀನುಗಳನ್ನು ಅಧ್ಯಯನ ಮಾಡಲು ತೊಡಗಿದಾಗ ನಾನು ಎಲ್ಲಕ್ಕಿಂತ ಮೊದಲು ನಿರ್ಧರಿಸಿದ್ದು ಬಲೆಗಳನ್ನು. ಗಿಲ್ ಬಲೆಯು ತನ್ನ ಕಣ್ಣಿನ ಅಳತೆಗೆ ಹೊಂದುವ ಮೀನನ್ನಷ್ಟೇ ಕಿವಿರಿನ ಬಳಿ ಸಿಕ್ಕಿಸಿ ಹಿಡಿಯುತ್ತದೆ. ಸಣ್ಣವು ನುಸುಳಿ ಹೋಗುತ್ತವೆ, ತೀರ ದೊಡ್ಡವು ತಲೆ ತೂರಿಸಲಾರದೆ ತಪ್ಪಿಸಿಕೊಳ್ಳುತ್ತವೆ. "ಈ ಬಲ್ಯಾಗ ಸಣ್ಣಾವು ನಿಲ್ಲಂಗಿಲ್ರಿ ಸರ" ಎಂದು ಜೊತೆಗಿದ್ದ ಅಂಬಿಗರು ಹೇಳಿದ್ದೂ ಇದನ್ನೇ. ಆದ್ದರಿಂದ ಬೇರೆ ಬೇರೆ ಕಣ್ಣಳತೆಯ ಬಲೆಗಳ ಒಂದೇ ಜೋಡಣೆಯನ್ನು ಎಲ್ಲ ಸ್ಥಳಗಳಲ್ಲಿಯೂ ಸಂಜೆ ಹಾಕಿ ಬೆಳಿಗ್ಗೆ ಎತ್ತಿಸಿದೆ. ದಂಡೆಯ ತೆಳುನೀರಿನಲ್ಲಿ ಬೀಸುಬಲೆ ಬಳಸಿ, ಅದರ ಲೆಕ್ಕವನ್ನು ಪ್ರತ್ಯೇಕವಾಗಿ ಇಟ್ಟೆ.

ಎಷ್ಟು ಪ್ರಭೇದಗಳು ಸಿಕ್ಕವು ಎಂಬ ಸಂಖ್ಯೆಯೊಂದೇ ವೈವಿಧ್ಯವಲ್ಲ. ಅವು ಯಾವ ಪ್ರಮಾಣದಲ್ಲಿ ಹಂಚಿಕೊಂಡಿವೆ ಎಂಬುದೂ ಅಷ್ಟೇ ಮುಖ್ಯ. ಉದಾಹರಣೆಗೆ, 5 ಪ್ರಭೇದಗಳ 100 ಮೀನುಗಳಲ್ಲಿ ಪ್ರತಿಯೊಂದೂ 20 ಇದ್ದರೆ, ಪ್ರಭೇದಗಳ ಸಂಖ್ಯೆ ಮತ್ತು ಅವುಗಳ ಹಂಚಿಕೆ ಎರಡನ್ನೂ ಒಂದೇ ಅಂಕಿಯಲ್ಲಿ ಹೇಳುವ ಶಾನನ್ ಸೂಚ್ಯಂಕ 1.61 ಆಗುತ್ತದೆ. ಅದೇ 100ರಲ್ಲಿ ಜಿಲೇಬಿ ಮೀನೊಂದೇ (ತಿಲಾಪಿಯಾ) 80 ಇದ್ದು, ಉಳಿದ ನಾಲ್ಕು ತಲಾ 5 ಇದ್ದರೆ ಸೂಚ್ಯಂಕ 0.78ಕ್ಕೆ ಇಳಿಯುತ್ತದೆ; ಅಂದರೆ ಪಟ್ಟಿಯಲ್ಲಿ ಐದು ಹೆಸರುಗಳಿದ್ದರೂ ಆ ಸಮುದಾಯದ ವೈವಿಧ್ಯವು ಸಮಪ್ರಮಾಣದ ಎರಡು ಪ್ರಭೇದಗಳಿಗಿಂತ ತುಸು ಹೆಚ್ಚಷ್ಟೇ. ಮೀನನ್ನು ಎಣಿಸುವುದರ ಜೊತೆಗೆ ತೂಗಿಯೂ ಬರೆದುಕೊಂಡೆ, ಏಕೆಂದರೆ ಒಂದು ದೊಡ್ಡ ಕಾಟ್ಲಾ ಎಣಿಕೆಯಲ್ಲಿ ಒಂದೇ ಆದರೂ ತೂಕದಲ್ಲಿ ಬುಟ್ಟಿಯ ಸಣ್ಣ ಮೀನುಗಳನ್ನೆಲ್ಲ ಮೀರಿಸಬಲ್ಲದು.

ಸೂಚ್ಯಂಕಕ್ಕೆ ಊರಿನ ಮೀನು ಯಾವುದು, ಹೊರಗಿನದು ಯಾವುದು ಎಂಬ ಭೇದವಿಲ್ಲ. ಆಫ್ರಿಕಾ ಮೂಲದ ಜಿಲೇಬಿ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ. ರೋಹು, ಮೃಗಾಲ್‌ಗಳು ಗಂಗಾ ಬಯಲಿನವು, ಇಲ್ಲಿ ಮರಿ ಬಿಟ್ಟು ಬೆಳೆಸಿದವು. ಇಂಥವು ಸೇರಿದಾಗಲೂ ಅಂಕಿ ಏರಬಹುದು. ಹೀಗಾಗಿ ನಾನು ಸ್ಥಳೀಯ ಪ್ರಭೇದಗಳ ಸೂಚ್ಯಂಕವನ್ನು ಬೇರೆಯಾಗಿಯೇ ಲೆಕ್ಕ ಹಾಕುತ್ತೇನೆ. ಹರಿಯುವ ಘಟಪ್ರಭೆಯ ಕಲ್ಲುಪಾತ್ರದ ಮಾದರಿಯನ್ನು ನಿಂತ ಹಿನ್ನೀರಿನ ಮಾದರಿಯೊಡನೆ ಬೆರೆಸುವುದೂ ಇಲ್ಲ. ಬೀಟಾ ವೈವಿಧ್ಯ, ಅಂದರೆ ಒಂದು ನೆಲೆಯಿಂದ ಇನ್ನೊಂದಕ್ಕೆ ಪ್ರಭೇದಗಳು ಎಷ್ಟು ಬದಲಾಗುತ್ತವೆ ಎಂಬ ಅಳತೆ, ಇರುವುದೇ ಅಂಥ ಎರಡು ನೆಲೆಗಳ ನಡುವಿನ ವ್ಯತ್ಯಾಸದಲ್ಲಿ.

ಬೇಸಿಗೆಯಲ್ಲಿ ನೀರು ಇಳಿದಂತೆ ಮೀನುಗಳು ಉಳಿದ ಮಡುಗಳಲ್ಲಿ ಒತ್ತೊತ್ತಾಗಿ ಸೇರುತ್ತವೆ, ಬಲೆಗೆ ಬೀಳುವುದೂ ಹೆಚ್ಚುತ್ತದೆ. ಇದನ್ನು ಸಂತತಿ ಹೆಚ್ಚಿದ್ದೆಂದು ಓದುವಂತಿಲ್ಲ. ಆದ್ದರಿಂದ ಏಪ್ರಿಲ್ ತಿಂಗಳ ಲೆಕ್ಕವನ್ನು ಮುಂದಿನ ವರ್ಷದ ಏಪ್ರಿಲ್‌ನೊಂದಿಗೆ ಮಾತ್ರ, ಅದೂ ಆ ದಿನಗಳ ಜಲಾಶಯದ ನೀರಿನ ಮಟ್ಟವನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡು ಹೋಲಿಸುತ್ತೇನೆ.