ವಯಸ್ಸಾದ ಹೇಂಟೆಗೆ ಗೂಡು ತಗ್ಗಿಸಿ ಕೊಡಿ

ಹೇಂಟೆಗೆ ನಾಲ್ಕೈದು ವರ್ಷ ದಾಟಿದ ಮೇಲೆ ಒಂದು ಸಂಜೆ ಸುಮ್ನೆ ಗೂಡಿನ ಹತ್ತಿರ ನಿಂತು ನೋಡಿ. ಕತ್ತಲಾಗುವ ಹೊತ್ತಿಗೆ ಉಳಿದವೆಲ್ಲ ಕೋಲು ಹತ್ತಿ ಕೂರುತ್ತವೆ. ಮುದಿ ಕೋಳಿ ಕತ್ತೆತ್ತಿ ನೋಡುತ್ತದೆ, ಎರಡು ಸಲ ಕಾಲು ಮಡಚುತ್ತದೆ, ಆಮೇಲೆ ಹಾರದೆ ಮೂಲೆ ಹಿಡಿಯುತ್ತದೆ. ನೋವಿದ್ದರೆ ಕೋಳಿ ಕೂಗಿ ಹೇಳುವುದಿಲ್ಲ, ಅಲ್ವಾ? ಹೀಗೇ ತಿಳಿಯಬೇಕು.

ನಾನು ಒಂದು ಹೇಂಟೆಯಲ್ಲಿ ಇದನ್ನು ತಡವಾಗಿ ಗಮನಿಸಿದೆ. ದಿನಾ ಬೆಳಿಗ್ಗೆ ಎತ್ತರದಿಂದ ಧೊಪ್ಪನೆ ಇಳಿದು ಅದರ ಪಾದದಡಿ ಗಾಯವಾಗಿ, ಕೀವು ಗಂಟು ಕಟ್ಟಿತ್ತು. ಇವತ್ತಿಗೂ ಅದನ್ನು ನೆನೆದರೆ ಬೇಸರವಾಗುತ್ತದೆ. ಅದಕ್ಕೇ ಮೊದಲು ಕೋಲು ತಗ್ಗಿಸಿ ಅನ್ನುತ್ತೇನೆ. ನೆಲದಿಂದ 30 ಸೆಂಟಿಮೀಟರ್ ಸಾಕು, ಕಾಲು ತೀರಾ ಸೋತಿದ್ದರೆ ಇನ್ನೂ ಕೆಳಗೆ. ಸಣ್ಣ ದುಂಡು ಕೋಲಿಗಿಂತ 5 ಸೆಂಟಿಮೀಟರ್ ಅಗಲದ, ಅಂಚು ಉಜ್ಜಿ ನಯ ಮಾಡಿದ ಮರದ ಪಟ್ಟಿ ಒಳ್ಳೆಯದು. ಪಾದ ಪೂರ್ತಿ ಊರುತ್ತದೆ. ಒಂದನ್ನು ಮಾತ್ರ ತಗ್ಗಿಸಿ ಇನ್ನೊಂದನ್ನು ಮೇಲೆ ಬಿಡಬೇಡಿ. ಕೋಳಿಗೆ ಎತ್ತರದ ಜಾಗವೇ ಇಷ್ಟ, ಕೈಲಾಗದಿದ್ದರೂ ಅಲ್ಲಿಗೇ ಹಾರಲು ನೋಡುತ್ತದೆ.

ಬಾಗಿಲು ಎತ್ತರದಲ್ಲಿದ್ದರೆ ಉದ್ದನೆಯ ಹಲಗೆ ಇಡಿ. ಇಳಿಜಾರು ಕಡಿಮೆ ಇರಲಿ, ಕಾಲು ಜಾರದಂತೆ ಅಡ್ಡಪಟ್ಟಿ ಹೊಡೆಯಿರಿ. ಮೊಟ್ಟೆ ಇಡುವ ಪೆಟ್ಟಿಗೆಯನ್ನೂ ನೆಲಕ್ಕೇ ಇಳಿಸಿ. ಕೆಳಗೆ ನಾಲ್ಕು ಬೆರಳು ದಪ್ಪ ಒಣ ಮರದ ಹೊಟ್ಟು ಹಾಸಿ, ಒದ್ದೆಯಾದದ್ದನ್ನು ಅವತ್ತೇ ತೆಗೆಯಿರಿ.

ಮೇವಿನ ಹತ್ತಿರ ಮುದಿ ಕೋಳಿಯನ್ನು ಎಳೆಯವು ಕುಕ್ಕಿ ಓಡಿಸುತ್ತವೆ. ಇನ್ನೊಂದು ಕಡೆ, ಮೊದಲನೆಯದು ಕಣ್ಣಿಗೆ ಬೀಳದ ಹಾಗೆ, ಮೇವು ನೀರು ಇಡಿ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದ ಅಂಶ ಜಾಸ್ತಿ. ಮೊಟ್ಟೆ ನಿಲ್ಲಿಸಿದ ಕೋಳಿಗೆ ಅದು ಮೂತ್ರಪಿಂಡಕ್ಕೆ ಭಾರ. ಬೆಳೆಯುವ ಕೋಳಿಯ ಮೇವು ಹಾಕಿ, ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಟ್ಟರೆ ಬೇಕಾದವು ತಿನ್ನುತ್ತವೆ.

ಕೆದಕುವುದು ಕಡಿಮೆಯಾದರೆ ಉಗುರು ಸವೆಯುವುದಿಲ್ಲ, ತುದಿಯನ್ನಷ್ಟೇ ಕತ್ತರಿಸಿ. ಮಣ್ಣಲ್ಲಿ ಹೊರಳಾಡುವುದು ಕಡಿಮೆಯಾದರೆ ಹೇನು ಹೆಚ್ಚುತ್ತದೆ, ಬಾಲದ ಕೆಳಗಿನ ಪುಕ್ಕ ಬಿಡಿಸಿ ನೋಡಿ. ವಾರಕ್ಕೊಮ್ಮೆ ರಾತ್ರಿ ಮೆಲ್ಲಗೆ ಎತ್ತಿಕೊಂಡು ಎದೆಮೂಳೆ ಮುಟ್ಟಿ. ಪುಕ್ಕದ ಮೇಲೆ ದಪ್ಪ ಕಾಣುವ ಕೋಳಿಯೂ ಒಳಗೆ ಸೊರಗಿರಬಹುದು. ಮೂಳೆ ಚೂಪಾಗಿ ಕೈಗೆ ಸಿಕ್ಕರೆ ಮರುದಿನವೇ ಪಶುವೈದ್ಯರಿಗೆ ತೋರಿಸಿ.